ಕಪಾಟಿನ ಬೀಗದಕೈ ಯಾರಲ್ಲಿ?

ದೂರಶಿಕ್ಷಣದ ಪಠ್ಯಕ್ಕೆ ಓದುವವರ ಬಾಯಲ್ಲಿ ‘ಬ್ಲಾಕ್’ ಎಂದು ಹೆಸರು. ತೆಳು ರಟ್ಟು, ಒಳಗೆ ಘಟಕ ಘಟಕವಾಗಿ ಪಾಠ, ಘಟಕದ ಕೊನೆಗೆ ‘ಪರಾಮರ್ಶನ ಗ್ರಂಥಗಳು’ ಎಂಬ ಐದಾರು ಸಾಲಿನ ಪಟ್ಟಿ. ಆ ಪಟ್ಟಿಯನ್ನು ಓದುವವರು ಕಡಿಮೆ. ಓದಿದವರಿಗೆ ಸುಮ್ಮನೆ ತಲೆಬಿಸಿ, ಏಕೆಂದರೆ ಅದರಲ್ಲಿ ಒಂದೂ ಕೈಗೆ ಸಿಗುವುದಿಲ್ಲ.

ಕರೆಸ್ಪಾಂಡೆನ್ಸಿನಲ್ಲಿ ಕನ್ನಡ ಎಂ.ಎ. ಕಟ್ಟಿದ್ದಾಗ ಅಂಥದೊಂದು ಪಟ್ಟಿಯನ್ನು ಚೀಟಿಗೆ ಇಳಿಸಿಕೊಂಡು ಪಕ್ಕದ ಪೇಟೆಯ ಕಾಲೇಜಿಗೆ ಹೋಗಿದ್ದೆ. ಲೈಬ್ರರಿಯವರು ಒಳ್ಳೆಯವರೇ. “ಪುಸ್ತಕ ಉಂಟು ಮಾರಾಯ್ರೆ, ಆದರೆ ನೀವು ನಮ್ಮ ಸ್ಟೂಡೆಂಟ್ ಅಲ್ಲವಲ್ಲ” ಎಂದರು. ಕಪಾಟಿನ ಗಾಜಿನಾಚೆ ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಕಾಣುತ್ತಿತ್ತು. ನೋಡಿ ಬಂದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಟ್ಟಿಗೆ ಅಂಚೆಯಲ್ಲಿ ಬರುವ ಪಾಠ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಶುರುಮಾಡಿದಾಗ ಈ ಊರುಗಳೂ ಅದರ ತೆಕ್ಕೆಯಲ್ಲೇ ಇದ್ದವು. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ. ಮೈಸೂರಿನ ಆ ಅಂಚೆ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಡುವೆ ಯುಜಿಸಿ ಮಾನ್ಯತೆ ಹೋಗಿ, 2018ರಲ್ಲಿ ಮರಳಿ ಬಂದ ಕಥೆ ಬೇರೆ. ಅದನ್ನು ಕೆದಕಿದರೆ ಇನ್ನೂ ನೋಯುವವರಿದ್ದಾರೆ. ಪಾಠವೇನೋ ಅಂದಿನಿಂದ ಇಂದಿನವರೆಗೂ ಮನೆಬಾಗಿಲಿಗೆ ಬಂದಿದೆ. ಬೀಡಿ ಕಟ್ಟುವ ತಡ್ಪೆಯ ಬದಿಯಲ್ಲಿ ಬ್ಲಾಕ್ ತೆರೆದಿಟ್ಟುಕೊಂಡು ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳು ಈ ಕಡೆ ಇದ್ದಾರೆ. ಗ್ರಂಥಾಲಯ ಮಾತ್ರ ಘಟ್ಟದ ಮೇಲೆಯೇ ಉಳಿಯಿತು. ಬಿ.ಸಿ. ರೋಡಿನಿಂದ ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಪುಸ್ತಕ ತಿರುವಿಹಾಕಲು ಎರಡು ದಿನದ ರಜೆ ಬೇಕು.

ಪುಸ್ತಕ ಒಂದು ಕಡೆ, ಓದುಗ ಇನ್ನೊಂದು ಕಡೆ ಎಂಬ ಈ ಫಜೀತಿಯ ದೊಡ್ಡ ಕಥೆ ನಡೆದದ್ದೇ ಮೂಡುಬಿದಿರೆಯಲ್ಲಿ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಉಳಿದಿದ್ದುದು ಇಲ್ಲಿನ ಸಿದ್ಧಾಂತ ಬಸದಿಯಲ್ಲಿ. ಭಾಷೆ ಹೆಚ್ಚಾಗಿ ಪ್ರಾಕೃತ, ಲಿಪಿ ಹಳಗನ್ನಡದ್ದು. ಉತ್ತರದಿಂದ ಯಾತ್ರಿಕರು ಬಂದು ಗರಿಗಳಿಗೆ ಕೈಮುಗಿದು ಹೋಗುತ್ತಿದ್ದರು. ದರ್ಶನ ಉಂಟು, ಓದು ಇಲ್ಲ. ಸೊಲ್ಲಾಪುರ, ಮುಂಬಯಿಯ ಶ್ರಾವಕರು ಪಟ್ಟುಹಿಡಿದ ಮೇಲೆ 19ನೇ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಶುರುವಾಯಿತು. ಮುಗಿಯುವಾಗ 1922 ಬಂದಿತ್ತು. ಆ ಪ್ರತಿಯೂ ಊರು ಬಿಟ್ಟು ಹೋಗುವಂತಿರಲಿಲ್ಲ. ಆದರೆ ನಕಲುಗಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡರು. ಅದು ಸಹಾರನಪುರ ಸೇರಿತು, ಅಲ್ಲಿ ನಾಗರಿಗಿಳಿಯಿತು, ಅಲ್ಲಿಂದ ಮತ್ತೆ ಪ್ರತಿಗಳು ಹಬ್ಬಿದವು. 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಧವಲೆಯ ಮೊದಲ ಸಂಪುಟ ಅಚ್ಚುಹಾಕಿದರು. ಒಟ್ಟು 16 ಸಂಪುಟ. ಗುಟ್ಟಿನ ನಕಲು ಸರಿಯೋ ತಪ್ಪೋ ಎಂದು ತೀರ್ಪು ಕೊಡುವವನು ನಾನಲ್ಲ. ಇಲ್ಲಿನ ಜೈನ ಮಠದವರ ಕಾವಲಿಲ್ಲದಿದ್ದರೆ ಗರಿಗಳೇ ಉಳಿಯುತ್ತಿರಲಿಲ್ಲ. ಲಕ್ಷ್ಮೀಬಾಯಿಯಂಥವರು ಇಲ್ಲದಿದ್ದರೆ ದೂರದವರಿಗೆ ಅವು ಇಷ್ಟು ಬೇಗ ದಕ್ಕುತ್ತಿರಲಿಲ್ಲ.

ಈಗಿನ ಬೀಗ ಬೇರೆ ಬಗೆಯದು. 2025ರ ಜನವರಿ 1ರಿಂದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದಿದೆ: ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ, ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು. ರಸಾಯನಶಾಸ್ತ್ರದವರಿಗೆ ಹಬ್ಬ. ಬೇಕಾದದ್ದು ಯು.ಪಿ. ಉಪಾಧ್ಯಾಯರ ಆರು ಸಂಪುಟದ ‘ತುಳು ನಿಘಂಟು’ ಎನ್ನುವ ಬೆಳ್ತಂಗಡಿಯ ಕನ್ನಡ ಎಂ.ಎ. ವಿದ್ಯಾರ್ಥಿಗೆ ಆ ಪತ್ರಿಕೆಗಳಿಂದ ಏನಾಗಬೇಕು? ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಎನ್ನುವವರು ಬಹುಶಃ ಇಂಗ್ಲಿಷಿನಲ್ಲಿ ಓದುವವರು.

ಪಾಠ ಹೇಳುವವರ ಪಾಡನ್ನು ಯಾರೂ ಕೇಳುವುದಿಲ್ಲ. ಕಾಂಟ್ಯಾಕ್ಟ್ ಕ್ಲಾಸಿಗೆ ಬರುವವರು ಹೆಚ್ಚಿನವರೂ ಬೇರೆ ಕಾಲೇಜಿನ ಉಪನ್ಯಾಸಕರು. ಕಾಲೇಜುಗಳಿಗೆಂದೇ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಎಂಬ ಇ-ಪುಸ್ತಕ, ಇ-ಪತ್ರಿಕೆಗಳ ಸೌಲಭ್ಯ ಅವರಿಗೆ ತಮ್ಮ ಕಾಲೇಜಿನ ಲೆಕ್ಕದಲ್ಲಿ ಸಿಗುತ್ತದೆ. ಎದುರು ಕೂತ ವಿದ್ಯಾರ್ಥಿಗೆ ಅದು ದಾಟುವುದಿಲ್ಲ. ಉಳಿದದ್ದು ಝೆರಾಕ್ಸ್. ಅದಕ್ಕೆ ಅಂಜಬೇಕಿಲ್ಲ. ದಿಲ್ಲಿ ವಿಶ್ವವಿದ್ಯಾನಿಲಯದ ಝೆರಾಕ್ಸ್ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ ದಾವೆಯಲ್ಲಿ 2016ರಲ್ಲಿ ಹೈಕೋರ್ಟ್, ಬೋಧನೆಗಾಗಿ ಪುಸ್ತಕದ ಭಾಗಗಳನ್ನು ಪ್ರತಿ ಮಾಡಿ ಕೊಡಲು ಕಾನೂನಿನಲ್ಲೇ ಎಡೆಯಿದೆ ಎಂದಿತು.

ಅಂಚೆಯೂ ಸತ್ತಿಲ್ಲ. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್‌ಪೋಸ್ಟ್ ನಿಲ್ಲಿಸಿದಾಗ ಪುಸ್ತಕದಂಗಡಿಯವರು ಗೊಣಗಿದ್ದರು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಬಂತು: 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100. ಬಸ್‌ಚಾರ್ಜಿಗಿಂತ ಕಡಿಮೆ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಠೇವಣಿ ಇಟ್ಟುಕೊಂಡು ಪುಸ್ತಕವನ್ನೇ ಹೀಗೆ ಕಳಿಸಿದರೆ ಏನು ತೊಂದರೆ? ಬ್ಲಾಕ್ ಅಂಚೆಯಲ್ಲಿ ಬಂದೀತು, ಪರಾಮರ್ಶನ ಗ್ರಂಥ ಬರಬಾರದೆ? ತಂದುಕೊಳ್ಳಲು ಜಾಗವೂ ಉಂಟು. ಹಳ್ಳಿಯ ಪಂಚಾಯತ್ ಗ್ರಂಥಾಲಯಗಳೇ ಈಗ ‘ಅರಿವು ಕೇಂದ್ರ’ಗಳು.

ಹಾಗೆ ನೋಡಿದರೆ ಪುಸ್ತಕಕ್ಕೂ ಇಲ್ಲಿ ಬರಗಾಲವಿಲ್ಲ. ಬಂಟ್ವಾಳದ ಸಂಚಯಗಿರಿಯಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಉಜಿರೆಯ ಎಸ್‌ಡಿಎಂ ಕಾಲೇಜು, ಮೂಡುಬಿದಿರೆಯ ಮಹಾವೀರ ಕಾಲೇಜು, ಆಳ್ವಾಸ್. ಎಲ್ಲವೂ ಒಂದೆರಡು ಬಸ್ಸಿನ ದೂರ. ಗುರುತಿನ ಚೀಟಿ ತೋರಿಸಿದ ದೂರಶಿಕ್ಷಣದವರಿಗೆ ಭಾನುವಾರವೊಂದು ದಿನ ಕೂತು ಓದಲು ಬಿಡುವ ಒಪ್ಪಂದಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಡ. ಒಂದು ಪತ್ರ, ಎರಡು ಸಹಿ ಸಾಕು.

ಅದಕ್ಕೂ ಮೊದಲು ಯಾವ ಪುಸ್ತಕ ಎಲ್ಲುಂಟು ಎಂದು ಗೊತ್ತಾಗಬೇಕಲ್ಲ. ಮೂಡುಬಿದಿರೆ, ಕಾರ್ಕಳ ಮುಂತಾದ ಕಡೆಯ ಭಂಡಾರಗಳ ತಾಳೆಗರಿಗಳನ್ನು ಕೆ. ಭುಜಬಲಿ ಶಾಸ್ತ್ರಿಗಳು ಒಂದೊಂದಾಗಿ ನೋಡಿ ಪಟ್ಟಿಮಾಡಿದರು. ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥ ಸೂಚಿ’ ಎಂದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಅದನ್ನು ಪ್ರಕಟಿಸಿತು. ಕಾಶಿಯಲ್ಲಿ ಕೂತವರಿಗೆ ಮೂಡುಬಿದಿರೆಯ ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆಯೆಂದು ಆಗಲೇ ಗೊತ್ತಿತ್ತು. ವೇಣೂರಿನಲ್ಲಿ ಕೂತು ಎಂ.ಎ. ಓದುವವರು ತಮಗೆ ಬೇಕಾದದ್ದು ಉಜಿರೆಯಲ್ಲಿದೆಯೋ ಮೂಡುಬಿದಿರೆಯಲ್ಲಿದೆಯೋ ಎಂದು ತಿಳಿಯಲು ಇವತ್ತಿಗೂ ಗುರುತಿನವರಿಗೆ ಫೋನ್ ಮಾಡಬೇಕು.