ಬಾಟಲಿ ನೀರು ಬಚ್ಚಿಟ್ಟ ಸುದ್ದಿ

ನೀರಿನ ಬಾಟಲಿಯ ಮೇಲೆ ಅದನ್ನು ತುಂಬಿದ ದಿನಾಂಕ ಇರುತ್ತದಲ್ಲ, ನಾವು ಅದನ್ನು ಓದುವುದೇ ಅಪರೂಪ. ಜಪಾನಿನ ಇಬ್ಬರು ವಿಜ್ಞಾನಿಗಳು ಆ ದಿನಾಂಕಗಳನ್ನೇ ಹಿಡಿದು ಒಂದು ಭೂಕಂಪದ ಹಿಂದಿನ ಕಥೆಯನ್ನು ಬಿಡಿಸಿದರು. ಭೂಕಂಪದ ಬಗ್ಗೆ ನಾನು ಓದಿರುವುದರಲ್ಲಿ ಇಷ್ಟು ಸರಳವಾದ ಉಪಾಯ ಇನ್ನೊಂದಿಲ್ಲ.

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಕೋಬೆ ನಗರದ ಬಹಳಷ್ಟು ಜನ ಇನ್ನೂ ಹಾಸಿಗೆಯಲ್ಲಿದ್ದರು. ನೆಲ ನಡುಗಿತು. ಭಾರದ ಹೆಂಚು ಹೊತ್ತ ಹಳೆಯ ಮರದ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸತ್ತವರು 6,400ಕ್ಕೂ ಹೆಚ್ಚು.

ನೆಲದಡಿಯ ನೀರಿನಲ್ಲಿ ಇದರ ಸುಳಿವು ಮೊದಲೇ ಇತ್ತೇ? ಉರುಮು ತ್ಸುನೊಗಾಯಿ ಮತ್ತು ಹಿರೋಶಿ ವಾಕಿತಾ ಇದನ್ನು ಪರೀಕ್ಷಿಸಲು ಹೊರಟರು. ಆದರೆ ಕಳೆದ ವರ್ಷ ಬಾವಿಯಲ್ಲಿದ್ದ ನೀರನ್ನು ಈಗ ಎಲ್ಲಿಂದ ತರುವುದು? ಭೂಕಂಪದ ಕೇಂದ್ರಕ್ಕೆ ಹತ್ತಿರದ ಎರಡು ಬಾವಿಗಳ ನೀರನ್ನು ಬಾಟಲಿಗೆ ತುಂಬಿ ಮಾರುತ್ತಿದ್ದರು. 1993ರಿಂದ 1995ರ ಏಪ್ರಿಲ್‌ವರೆಗಿನ ಬಾಟಲಿಗಳು ಅವರಿಗೆ ಸಿಕ್ಕವು. ಒಂದೊಂದರಲ್ಲೂ ಆ ದಿನದ ಬಾವಿ ನೀರು, ಮೇಲೆ ಮುಚ್ಚಳ, ಜೊತೆಗೆ ತಾರೀಖು!

ಪರೀಕ್ಷಿಸಿದಾಗ ಕಂಡದ್ದೇನು? 1994ರ ಆಗಸ್ಟ್‌ನಿಂದ ನೀರಿನಲ್ಲಿ ಕ್ಲೋರೈಡ್ ಮತ್ತು ಸಲ್ಫೇಟ್ ಒಂದೇ ಸಮನೆ ಏರುತ್ತ ಬಂದಿದ್ದವು. ಕ್ಲೋರೈಡ್ ಎಂದರೆ ನಮ್ಮ ಅಡುಗೆ ಉಪ್ಪಿನ ಒಂದು ಭಾಗವೇ. ಆದರೆ ಈ ಏರಿಕೆ ನಾಲಿಗೆಗೆ ತಿಳಿಯುವಷ್ಟಿರಲಿಲ್ಲ. ಜನ ತಿಂಗಳುಗಟ್ಟಲೆ ಆ ನೀರನ್ನು ಕೊಂಡು ಕುಡಿದಿದ್ದರು.

ಉಪ್ಪು ಹೆಚ್ಚಿದ್ದೇಕೆ? ಭೂಕಂಪಕ್ಕೆ ಮುಂಚೆ ಬಂಡೆಗಳ ಮೇಲೆ ಒತ್ತಡ ಬೆಳೆಯುತ್ತದೆ. ಆಗ ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಅದುವರೆಗೆ ಬೇರೆ ಬೇರೆ ಪದರಗಳಲ್ಲಿದ್ದ ನೀರು ಅವುಗಳ ಮೂಲಕ ಬೆರೆತರೆ, ಬಾವಿಯ ನೀರಿನ ಗುಣವೂ ಬದಲಾಗುತ್ತದೆ.

ಹಾಗಾದರೆ ದಿನಾ ನೀರು ಪರೀಕ್ಷಿಸಿದರೆ ಭೂಕಂಪವನ್ನು ಮೊದಲೇ ಹೇಳಬಹುದಲ್ಲ ಎಂದು ನೀವು ಕೇಳುತ್ತೀರಿ. ಇಲ್ಲೇ ಇರುವುದು ತೊಡಕು. ಜೋರು ಮಳೆ ಬಂದರೂ, ಪಂಪಿನಿಂದ ನೀರು ಹೆಚ್ಚು ಎತ್ತಿದರೂ ಉಪ್ಪಿನ ಪ್ರಮಾಣ ಬದಲಾಗುತ್ತದೆ. ಏನೂ ನಡೆಯದ ವರ್ಷಗಳ ಲೆಕ್ಕ ಕೈಯಲ್ಲಿಲ್ಲದಿದ್ದರೆ ಯಾವುದು ಸಹಜ, ಯಾವುದು ಸುಳಿವು ಎಂದು ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ, ಈ ಬೇಸರದ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು.

ಐಸ್‌ಲ್ಯಾಂಡಿನ ಉತ್ತರದಲ್ಲಿ ಅದನ್ನೇ ಮಾಡಿದರು. ಹುಸಾವಿಕ್ ಊರಿನ ಬಳಿಯ ಕೊಳವೆಬಾವಿಯಿಂದ 2008ರಿಂದ ವಾರವಾರವೂ ನೀರು ಹಿಡಿದಿಟ್ಟರು. 2012ರ ಅಕ್ಟೋಬರ್ ಮತ್ತು 2013ರ ಏಪ್ರಿಲ್‌ನಲ್ಲಿ ಅಲ್ಲಿ ಭೂಕಂಪಗಳಾದವು. ಎರಡಕ್ಕೂ ನಾಲ್ಕರಿಂದ ಆರು ತಿಂಗಳು ಮೊದಲೇ ನೀರು ಬದಲಾಗಿತ್ತು. ಎರಡೇ ಭೂಕಂಪ ನೋಡಿ ನಿಯಮ ಹೇಳಲಾಗದು. ದಿನ, ಗಂಟೆ ಹೇಳುವುದಂತೂ ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.