ಏಕಪರದೆಯ ಚಿತ್ರಮಂದಿರಗಳ ಅವಸಾನ

ಬಿಳಿಗಿರಿರಂಗನ ಬೆಟ್ಟದ ಸುತ್ತಣ ಸೀಮೆಗೆ ಚಲನಚಿತ್ರವು ಬರುತ್ತಿದ್ದುದು ಸರದಿಯ ಮೇಲೆ. ಫಿಲ್ಮಿನ ಪ್ರತಿಗಳು ಕೆಲವೇ. ಅವು ಮೊದಲು ಬೆಂಗಳೂರು, ಮೈಸೂರುಗಳಲ್ಲಿ ಓಡಿ, ತರುವಾಯ ಕೊಳ್ಳೇಗಾಲದಂಥ ಊರುಗಳಿಗೆ, ಕಡೆಗೆ ಡೇರೆಯ ಟೂರಿಂಗ್ ಟಾಕೀಸುಗಳಿಗೆ ಇಳಿಯುತ್ತಿದ್ದವು. ರೀಲಿನ ಮೇಲೆ ಗೀರು ಬಿದ್ದಿದ್ದರೂ ಪ್ರೇಕ್ಷಕನಿಗೆ ಅದು ಹೊಸ ಚಿತ್ರವೇ.

ದೊಡ್ಡ ಮಂದಿರಗಳ ಆದಾಯಕ್ಕೆ ಈ ನಿಧಾನವೇ ಆಧಾರವಾಗಿತ್ತು. ಆಸನಗಳು ಸಾವಿರದಷ್ಟು, ಪರದೆ ಒಂದೇ. ಅಂಥ ಮಂದಿರವು ಬಾಳಬೇಕಾದರೆ ಚಿತ್ರವೊಂದು ವಾರಗಟ್ಟಲೆ ನಡೆಯಬೇಕು. 1974ರಲ್ಲಿ ರಾಜಕುಮಾರರ ‘ಬಂಗಾರದ ಪಂಜರ’ದೊಡನೆ ಆರಂಭವಾದ ಬೆಂಗಳೂರಿನ ಕಾವೇರಿಯು ಆ ಕಾಲದ ಕೂಸು. (ಆ ನಟರ ಗಾಜನೂರು ಈ ಬೆಟ್ಟಗಳಿಗೆ ಬಹುದೂರವಲ್ಲ.)

ಈ ಶತಮಾನದ ಮೊದಲ ದಶಕದಲ್ಲಿ ಉಪಗ್ರಹದ ಮೂಲಕ ಚಿತ್ರವನ್ನು ಕಳುಹುವ ಡಿಜಿಟಲ್ ಪದ್ಧತಿ ಬಂದಿತು. ಸಣ್ಣ ಊರಿಗೂ ಚಿತ್ರವು ಮೊದಲ ದಿನವೇ ತಲುಪಿತು. ಇದು ಲಾಭವೇ ಸರಿ. ಆದರೆ ನೂರಾರು ಕಡೆ ಒಮ್ಮೆಗೇ ತೆರೆಕಂಡ ಚಿತ್ರದ ಆಯುಸ್ಸು ಎರಡು ಮೂರು ವಾರಕ್ಕೆ ಕುಗ್ಗಿತು. ಮಲ್ಟಿಪ್ಲೆಕ್ಸು ಸೋತ ಚಿತ್ರವನ್ನು ಚಿಕ್ಕ ಪರದೆಗೆ ಸರಿಸಿ ನಷ್ಟವನ್ನು ತಗ್ಗಿಸಿಕೊಳ್ಳಬಲ್ಲುದು. ಏಕಪರದೆಗೆ ಆ ಅವಕಾಶವಿಲ್ಲ. ಆಸನಗಳು ಬರಿದಾದರೂ ವಿದ್ಯುತ್ತು, ಸಂಬಳ, ತೆರಿಗೆಗಳು ತಪ್ಪವು. ಇತ್ತ ನಿವೇಶನದ ಬೆಲೆಯೋ ಮಂದಿರದ ಗಳಿಕೆಯನ್ನು ಎಂದೋ ಮೀರಿತ್ತು.

1968ರಲ್ಲಿ ತೆರೆದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು, ಕೋವಿಡ್ ಹರಡಿದ 2020ರಲ್ಲಿ ಮೈಸೂರಿನ ಶಾಂತಲಾ, 2024ರಲ್ಲಿ ಕಾವೇರಿ. ಕೆಲಸದ ನಿಮಿತ್ತ ಮೈಸೂರಿಗೆ ಬಂದ ಹನೂರಿನ ರೈತನು ಗಾಂಧಿಕ್ಲಾಸಿನ ಅಗ್ಗದ ಟಿಕೇಟಿನಲ್ಲಿ ಚಿತ್ರವನ್ನು ನೋಡಿ ಸಂಜೆಯ ಬಸ್ಸನ್ನು ಹಿಡಿಯಬಹುದಾಗಿತ್ತು. ಮಾಲಿನ ಮಹಡಿಯ ಮೇಲೆ ಗಾಂಧಿಕ್ಲಾಸು ಇಲ್ಲ.