ಸಣ್ಣ ನಾಯಿಗೆ ಮಿತವ್ಯಯದ ತಾಜಾ ಆಹಾರ

ತೋಟದ ಮನೆಯಲ್ಲಾಗಲಿ ಕುರಿಹಟ್ಟಿಯಲ್ಲಾಗಲಿ ನಾಯಿಯಿಲ್ಲದೆ ರಾತ್ರಿ ಕಳೆಯುವುದು ಕಷ್ಟವೆಂಬುದನ್ನು ಜಮೀನುದಾರರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಈಚೆಗೆ ಸ್ಪಿಟ್ಜ್ ಮೊದಲಾದ ಸಣ್ಣ ಜಾತಿಯ ನಾಯಿಗಳೂ ಹಳ್ಳಿಗಳಲ್ಲಿ ಕಾಣಬರುತ್ತಿವೆ. ಆದರೆ ಹಸುವಿಗೆ ಹಿಂಡಿಯೆಷ್ಟು, ಬೂಸವೆಷ್ಟು ಎಂದು ಬೆರಳು ಮಡಿಸಿ ಲೆಕ್ಕ ಹಾಕುವ ರೈತನು ನಾಯಿಯ ವಿಷಯ ಬಂದಾಗ ಮಾತ್ರ ತಟ್ಟೆಯಲ್ಲಿ ಉಳಿದುದನ್ನು ಸುರಿದು ಸುಮ್ಮನಾಗುವನು. ಕೆಲವರು ಪೊಟ್ಟಣದ ತಿಂಡಿಯನ್ನು ತಂದು, ಅದರ ಬೆಲೆಗೆ ಅಂಜಿ ಬಿಟ್ಟುಬಿಡುವರು. ಇನ್ನು ಕೆಲವರು, ನಾಯಿಗೆ ಹಸಿ ಮಾಂಸವೇ ಸ್ವಾಭಾವಿಕವಾದ ಆಹಾರವೆಂದು ಕೇಳಿ, ಕುರಿ ಕೊಯ್ದ ದಿನ ಒಳಭಾಗಗಳನ್ನೆಲ್ಲ ಅದರ ಮುಂದೆ ಎಸೆಯುವರು. ಈ ಕಡೆಯ ಪದ್ಧತಿಯಲ್ಲಿ ದುಡ್ಡೇನೂ ಖರ್ಚಾಗುವುದಿಲ್ಲವೆಂಬುದು ನಿಜ. ಅದರ ಬೆಲೆಯನ್ನು ಬೇರೆ ಯಾರೋ ಬೇರೆ ಕಾಲದಲ್ಲಿ ತೆರಬೇಕಾಗುವುದು.

ಹಸಿ ಮಾಂಸದ ವಾದವು ಹೊರದೇಶಗಳಲ್ಲಿ ಪ್ರಬಲವಾದುದು ಆಸ್ಟ್ರೇಲಿಯದ ಪಶುವೈದ್ಯರಾದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬವರು 1993ರಲ್ಲಿ ಬರೆದ ಪುಸ್ತಕದಿಂದೀಚೆಗೆ. ನಾಯಿಯು ತೋಳನ ಸಂತತಿಯಾದುದರಿಂದ ತೋಳನಂತೆಯೇ ಹಸಿ ಎಲುಬು ಮಾಂಸಗಳನ್ನು ತಿನ್ನತಕ್ಕದ್ದೆಂಬುದು ಈ ವಾದದ ಸಾರ. ಇದರಲ್ಲಿ ಅರ್ಧ ಸತ್ಯವುಂಟು. ನಾಯಿಯು ತೋಳನ ಸಂತತಿಯೇ ಹೌದು. ಆದರೆ ಸಾವಿರಾರು ವರ್ಷ ಮನುಷ್ಯನ ಮನೆಯ ಬಾಗಿಲಲ್ಲಿ ಬಾಳಿ ಅದರ ಜೀರ್ಣಶಕ್ತಿಯೇ ಬದಲಾಗಿದೆ. ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ರಸವನ್ನುಂಟುಮಾಡುವ ಜೀನು ತೋಳನಲ್ಲಿರುವುದಕ್ಕಿಂತ ನಾಯಿಯಲ್ಲಿ ಬಹುಪಾಲು ಹೆಚ್ಚು ಪ್ರತಿಗಳಲ್ಲಿರುವುದೆಂದು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆದುದರಿಂದ ಚೆನ್ನಾಗಿ ಬೆಂದ ರಾಗಿಯೂ ಅಕ್ಕಿಯೂ ನಾಯಿಗೆ ಒಗ್ಗದ ಪದಾರ್ಥಗಳಲ್ಲ. ಆಹಾರವು ತಾಜಾ ಆಗಿರಬೇಕೆಂಬ ಮಾತು ಬೇರೆ, ಹಸಿಯಾಗಿರಬೇಕೆಂಬ ಮಾತು ಬೇರೆ. ಮೊದಲನೆಯದನ್ನು ಒಪ್ಪಬಹುದು, ಎರಡನೆಯದನ್ನು ಕುರಿ ದನಗಳಿರುವ ಊರಿನಲ್ಲಿ ಒಪ್ಪತಕ್ಕುದಲ್ಲ.

ಕಾರಣವೇನೆಂದರೆ, ಕೊಯ್ದ ಕುರಿಯ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಕೆಲವು ವೇಳೆ ನೀರು ತುಂಬಿದ ಬಿಳಿಯ ಗುಳ್ಳೆಗಳು ಕಾಣಬರುತ್ತವೆ. ಗೋಲಿಯಷ್ಟು ಸಣ್ಣವೂ ಉಂಟು, ನಿಂಬೆಹಣ್ಣಿಗಿಂತ ದೊಡ್ಡವೂ ಉಂಟು. ಕಟುಕನು ಆ ಭಾಗವನ್ನು ಮಾರಲಾರದೆ ಕೊಯ್ದು ಎಸೆಯುವನು. ಕಾಯುತ್ತಿರುವ ನಾಯಿ ಅದನ್ನು ನುಂಗುವುದು. ಈ ಗುಳ್ಳೆಗಳು ಹೈಡಾಟಿಡ್ ಎಂಬ ರೋಗದ ಚೀಲಗಳು. ಒಂದೊಂದರೊಳಗೂ ಲಾಡಿಹುಳುವಿನ ಅಸಂಖ್ಯಾತ ತಲೆಗಳಿರಬಹುದು. ನಾಯಿಯ ಕರುಳನ್ನು ಸೇರಿದ ಮೇಲೆ ಅವು ಅರ್ಧ ಅಂಗುಲದಷ್ಟೂ ಉದ್ದವಿಲ್ಲದ ಹುಳುಗಳಾಗಿ ಬೆಳೆದು, ಸುಮಾರು ಆರು ವಾರಗಳಲ್ಲಿ ಮೊಟ್ಟೆಯಿಡತೊಡಗುವುವು. ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಹುಲ್ಲು, ನೀರು, ಸೊಪ್ಪಿನ ಮಡಿ, ನಾಯಿಯ ಮೈಕೂದಲು ಇವುಗಳಿಗೆಲ್ಲ ಅಂಟಿಕೊಳ್ಳುವುವು. ಹುಲ್ಲಿನೊಡನೆ ಕುರಿಯ ಹೊಟ್ಟೆಗೆ ಹೋದರೆ ಅಲ್ಲಿ ಮತ್ತೆ ಗುಳ್ಳೆಗಳಾಗುವುವು. ನಾಯಿಯನ್ನು ಮುದ್ದಾಡಿ ಕೈ ತೊಳೆಯದೆ ರೊಟ್ಟಿ ತಿನ್ನುವ ಮಗುವಿನ ಹೊಟ್ಟೆಗೆ ಹೋದರೂ ಹಾಗೆಯೇ. ಮನುಷ್ಯರಲ್ಲಿ ಈ ಗುಳ್ಳೆಯು ಬಹಳ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುವುದರಿಂದ, ಮಗುವಾಗಿದ್ದಾಗ ಅಂಟಿದ ರೋಗವು ಪ್ರಾಯಕ್ಕೆ ಬಂದ ಮೇಲೆ ಹೊಟ್ಟೆನೋವಾಗಿಯೋ ಕೆಮ್ಮಾಗಿಯೋ ತೋರಿ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಇಷ್ಟಾದರೂ ನಾಯಿಗೆ ಮಾತ್ರ ಏನೂ ಆಗಿರುವಂತೆ ತೋರುವುದಿಲ್ಲ. ಅದು ಮೈದುಂಬಿಕೊಂಡು ಬಾಲವಾಡಿಸುತ್ತಲೇ ಇರುವುದು. ನೋಡಿ ತಿಳಿಯುವ ಉಪಾಯವಿಲ್ಲದಿರುವುದೇ ಇಲ್ಲಿಯ ಅಪಾಯ.

ಐಸ್‌ಲೆಂಡ್ ದ್ವೀಪದಲ್ಲಿ ಕುರಿ ಸಾಕುವ ಜನರು ಒಂದು ಕಾಲದಲ್ಲಿ ಈ ರೋಗದಿಂದ ಬಹಳ ನರಳುತ್ತಿದ್ದರು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸರು 1863ರಲ್ಲಿ ಅಲ್ಲಿಗೆ ಹೋಗಿ ಪರೀಕ್ಷಿಸಿ, ನಾಯಿಗಳಿಗೆ ಹಸಿಯ ಒಳಭಾಗಗಳನ್ನು ಹಾಕುವುದೇ ರೋಗದ ಮೂಲವೆಂದು ಒಂದು ಚಿಕ್ಕ ಪುಸ್ತಕದಲ್ಲಿ ಬರೆದರು. ಅದನ್ನು ಮರುವರ್ಷ ಮನೆಮನೆಗೂ ಹಂಚಲಾಯಿತು. ಆ ರೋಗವು ಕಾಲಕ್ರಮದಲ್ಲಿ ಆ ದ್ವೀಪದಿಂದ ಇಲ್ಲವಾಯಿತು. ಮನುಷ್ಯರಿಗಿಂತ ಕುರಿಗಳೇ ಹೆಚ್ಚಾಗಿರುವ ನ್ಯೂಜಿಲೆಂಡ್ ದೇಶದಲ್ಲಿಯೂ ದೀರ್ಘಕಾಲದ ಪ್ರಯತ್ನದಿಂದ 2002ರ ವೇಳೆಗೆ ಇದೇ ಫಲ ದೊರೆಯಿತು. ಅಲ್ಲಿ ಮನೆಯಲ್ಲಿ ಕೊಯ್ದ ಪ್ರಾಣಿಯ ಒಳಭಾಗಗಳನ್ನು ನಾಯಿಗೆ ಹಾಕುವುದಕ್ಕೆ ಮೊದಲು 30 ನಿಮಿಷ ಕುದಿಸಬೇಕು, ಇಲ್ಲವೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಶೈತ್ಯದಲ್ಲಿ 10 ದಿನ ಇಡಬೇಕೆಂಬ ನಿಯಮವನ್ನು ರೈತರಿಗೆ ವಿಧಿಸಲಾಯಿತು. ವಿದ್ಯುತ್ತು ಪದೇ ಪದೇ ನಿಲ್ಲುವ ನಮ್ಮ ಊರುಗಳಲ್ಲಿ ಶೀತಪೆಟ್ಟಿಗೆಯನ್ನು ನಂಬುವುದಕ್ಕಿಂತ ಒಲೆಯನ್ನು ನಂಬುವುದು ಲೇಸು. ನೀರು ಕುದಿಯತೊಡಗಿದ ಮೇಲೆ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಬೇಯಿಸತಕ್ಕದ್ದು. ಗುಳ್ಳೆಯಿರುವ ಭಾಗವನ್ನಂತೂ ಬೇಯಿಸಿಯೂ ಹಾಕದೆ ಸುಡಬೇಕು, ಇಲ್ಲವೆ ನಾಯಿ ಕೆದಕಲಾರದಷ್ಟು ಆಳವಾಗಿ ಹೂಳಬೇಕು.

ಕುರಿಯ ತಲೆಯನ್ನೂ ಹಸಿಯಾಗಿ ಹಾಕಬಾರದು. ಕುರಿಯು ಒಂದೇ ಕಡೆಗೆ ಸುತ್ತು ಸುತ್ತಿ ಬೀಳುವ ತಲೆತಿರುಗು ರೋಗವು ಮೆದುಳಿನಲ್ಲಿರುವ ಇಂತಹುದೇ ಇನ್ನೊಂದು ಗುಳ್ಳೆಯಿಂದ ಬರುವುದು. ಆ ಮೆದುಳನ್ನು ತಿಂದ ನಾಯಿಯು ಬೀಜವನ್ನು ಹುಲ್ಲುಗಾವಲಿಗೆಲ್ಲ ಹರಡುವುದು. ಹಸು ಈದಾಗ ಬೀಳುವ ಮಾಸನ್ನು ನಾಯಿಗೆ ಬಿಡುವುದೂ ತಪ್ಪು. ದನಗಳು ಕಂದು ಹಾಕುವುದಕ್ಕೆ ಕಾರಣವಾದ ನಿಯೋಸ್ಪೋರ ಎಂಬ ಸೂಕ್ಷ್ಮಜೀವಿಗೆ ಅದೊಂದು ದಾರಿ. ಇನ್ನು ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಗಳಿರಬಹುದು. ನಾಯಿಯು ತಾಳಿಕೊಂಡರೂ ಅದು ನೆಕ್ಕಿದ ಮಗುವಿಗೆ ಭೇದಿಯಾಗಬಹುದು. ಇವು ಶೈತ್ಯದಿಂದ ಸಾಯುವುದಿಲ್ಲ.

ಹಾಗಾದರೆ ಹಾಕತಕ್ಕದ್ದೇನು? ಐದು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಕ್ಯಾಲೊರಿಗಳಷ್ಟು ಆಹಾರ ಸಾಕು. ಇದನ್ನು ರಾಗಿಯ ಹಿಟ್ಟು 50 ಗ್ರಾಂ, ಎಲುಬಿಲ್ಲದ ಮಾಂಸ 80 ಗ್ರಾಂ, ಎರಡು ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಟೀ ಚಮಚ ಅಡಿಗೆಯ ಎಣ್ಣೆ, ಎರಡು ಚಮಚ ಬೆಂದ ಕುಂಬಳ ಅಥವಾ ಹುರುಳಿಕಾಯಿ ಇವುಗಳಿಂದ ಒದಗಿಸಬಹುದು. ಒಳ್ಳೆಯ ಮಾಂಸವನ್ನೇ ಕೊಳ್ಳಬೇಕಾದುದಿಲ್ಲ. ಕೋಳಿಯಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ಕುತ್ತಿಗೆ ಮತ್ತು ಬೆನ್ನಿನ ಭಾಗಗಳನ್ನೂ, ಕುರಿಯ ಬೋಟಿಯನ್ನೂ ತಂದು, ತೊಳೆದು ಬೇಯಿಸಿ, ಮಾಂಸವನ್ನು ಕೈಯಿಂದ ಬಿಡಿಸಿಕೊಂಡು, ಆ ಬೆಂದ ನೀರಿನಲ್ಲಿಯೇ ಮುದ್ದೆ ತೊಳಸಿದರೆ ಸತ್ವವೊಂದೂ ವ್ಯರ್ಥವಾಗುವುದಿಲ್ಲ. ಬಿಡಿಸಿದ ಎಲುಬನ್ನು ಮಾತ್ರ ನಾಯಿಗೆ ಹಾಕಬಾರದು. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲನ್ನೂ ಕರುಳನ್ನೂ ಚುಚ್ಚುವುದು. ಸಣ್ಣ ನಾಯಿಯ ಗಂಟಲು ಎಷ್ಟರದು! ಯಕೃತ್ತು, ಎಂದರೆ ಅಂಗಡಿಯಲ್ಲಿ ಕಲೀಜವೆನ್ನುವ ಭಾಗವು ಪುಷ್ಟಿಕರವಾದುದೇ. ಆದರೆ ಅದರಲ್ಲಿ ಎ ಜೀವಸತ್ವವು ಅತಿಯಾಗಿರುವುದರಿಂದ ಈ ತೂಕದ ನಾಯಿಗೆ ವಾರಕ್ಕೆ 50 ಗ್ರಾಂ ಮೀರಕೂಡದು.

ಎಲುಬಿಲ್ಲದ ಆಹಾರದಲ್ಲಿ ಸುಣ್ಣದ ಅಂಶ ಸಾಲದು. ಮಾಂಸದಲ್ಲಿ ರಂಜಕವು ಹೇರಳ, ಸುಣ್ಣವು ಅತ್ಯಲ್ಪ. ಬರಿಯ ಮಾಂಸವನ್ನೇ ತಿಂದ ಮರಿಯು ತನ್ನ ಎಲುಬಿನ ಸುಣ್ಣವನ್ನೇ ಕರಗಿಸಿಕೊಳ್ಳುವುದರಿಂದ ಕಾಲು ಬಾಗುವುದು, ಎಲುಬು ಮುರಿಯುವುದು ಇವೆಲ್ಲ ಉಂಟಾಗುವುವು. ರಾಗಿಯಲ್ಲಿ ಬೇರೆ ಧಾನ್ಯಗಳಿಗಿಂತ ಸುಣ್ಣ ಹೆಚ್ಚಾಗಿರುವುದು ನಮ್ಮ ಸೀಮೆಯ ಅನುಕೂಲ. ಆದರೂ ಅದರಿಂದಲೇ ತೀರುವುದಿಲ್ಲ. ಮೊಟ್ಟೆಯ ಸಿಪ್ಪೆಯನ್ನು ತೊಳೆದು, ಕುದಿಸಿ, ಒಣಗಿಸಿ, ಹಿಟ್ಟಿನಂತೆ ನಯವಾಗಿ ಅರೆದು, ದಿನಕ್ಕೆ ಕಾಲು ಟೀ ಚಮಚದಂತೆ ಕಲಸಿದರೆ ಕೊರತೆ ತುಂಬುವುದು. ಸತು, ಅಯೋಡಿನ್, ಡಿ ಜೀವಸತ್ವ ಇವು ಮನೆಯಡಿಗೆಯಲ್ಲಿ ಸಾಲದಾದುದರಿಂದ ಪಶುವೈದ್ಯರನ್ನು ಕೇಳಿ ನಾಯಿಗಾಗಿಯೇ ಮಾಡಿದ ಖನಿಜ ಮಿಶ್ರಣವನ್ನು ಸೇರಿಸತಕ್ಕದ್ದು. ದನದ ಮಿಶ್ರಣವು ಮನೆಯಲ್ಲಿಯೇ ಇದೆಯೆಂದು ಒಂದು ಚಿಟಿಕೆ ಹಾಕುವುದು ಸಲ್ಲದು. ಅದು ದನದ ಲೆಕ್ಕಕ್ಕೆ ತಯಾರಾದುದು. ಮೇಲಿನ ಪ್ರಮಾಣಗಳು ಬೆಳೆದ ನಾಯಿಗೆ ಮಾತ್ರ. ಮರಿಗಳಿಗೂ ಗಬ್ಬದ ನಾಯಿಗೂ ವೈದ್ಯರಿಂದ ಬೇರೆ ಲೆಕ್ಕವನ್ನು ಕೇಳಿಕೊಳ್ಳಬೇಕು.

ಮಾಂಸ ತರದ ಮನೆಗಳಲ್ಲಿ ಅದಕ್ಕೆ ಬದಲಾಗಿ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ನುಣ್ಣಗೆ ಬೆಂದ ಬೇಳೆ, ಸ್ವಲ್ಪ ಮೊಸರು ಇವನ್ನು ಕೊಡಬಹುದು. ಹಾಲಿಗಿಂತ ಮೊಸರು ಬೆಳೆದ ನಾಯಿಗೆ ಸುಲಭವಾಗಿ ಜೀರ್ಣವಾಗುವುದು.

ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡುವುದು ಮುಖ್ಯ. ಈರುಳ್ಳಿ ಮತ್ತು ಬೆಳ್ಳುಳ್ಳಿ, ಹಸಿಯಾಗಲಿ ಬೆಂದುದಾಗಲಿ, ನಾಯಿಯ ರಕ್ತಕಣಗಳನ್ನು ಒಡೆಯುವುವು. ಸಾರು ಹುಳಿಗಳನ್ನು ಕಲಸಿ ಹಾಕುವ ರೂಢಿಯಿಂದ ಸಣ್ಣ ನಾಯಿಗಳು ಸೊರಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವನ್ನು ಮಕ್ಕಳು ಪ್ರೀತಿಯಿಂದ ಕೊಟ್ಟಾರು, ಅವು ವಿಷಪ್ರಾಯವಾದವು.

ಹತ್ತು ಕಿಲೋ ನಾಯಿಗೆ ಐದು ಕಿಲೋ ನಾಯಿಯ ಎರಡರಷ್ಟು ಬೇಕಾಗುವುದಿಲ್ಲ; ಒಂದೂ ಮುಕ್ಕಾಲಿನಷ್ಟಕ್ಕಿಂತ ಸ್ವಲ್ಪ ಕಡಮೆಯೇ ಸಾಕು. ಹೊಸ ಆಹಾರವನ್ನು ಒಂದೇ ದಿನ ಬದಲಾಯಿಸದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಹದಿನೈದು ದಿನಕ್ಕೊಮ್ಮೆ ನಾಯಿಯನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಬಳಿಕ ತಾನೊಬ್ಬನೇ ನಿಂತು, ವ್ಯತ್ಯಾಸವನ್ನು ಬರೆದಿಡುವುದು ಸುಲಭವಾದ ಕ್ರಮ. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಕೈಗೆ ಸಿಕ್ಕುವಂತಿದ್ದರೆ ಪ್ರಮಾಣ ಸರಿಯಾಗಿದೆ.

ಈಗಾಗಲೇ ಹಸಿ ಒಳಭಾಗಗಳನ್ನು ತಿನ್ನುತ್ತ ಬಂದಿರುವ ನಾಯಿಗೆ ಮೊದಲು ಪ್ರಾಜಿಕ್ವಾಂಟೆಲ್ ಎಂಬ ಔಷಧವನ್ನು ತೂಕಕ್ಕೆ ತಕ್ಕಂತೆ ಪಶುವೈದ್ಯರಿಂದ ಕೊಡಿಸಬೇಕು. ಕುರಿ ಕೊಯ್ಯುವ ಜಾಗದ ಸುತ್ತ ಬೇಲಿಯಿಲ್ಲದ ಊರಿನಲ್ಲಿ ಆರು ವಾರಕ್ಕೊಮ್ಮೆ ಅದನ್ನು ಪುನಃ ಕೊಡಿಸುವುದು ಯುಕ್ತ. ಔಷಧ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸಲಿಕೆಯಿಂದ ತೆಗೆದು ಸುಡಬೇಕು ಅಥವಾ ಆಳವಾಗಿ ಹೂಳಬೇಕು, ತಿಪ್ಪೆಗೆ ಹಾಕಬಾರದು.